ಸಾಣೆ ಮಾವನ ಒಂದೇ ಅಳತೆ

ಹುಡುಗಿಯರ ಐಸ್ ಹಾಕಿ ತಂಡ ಪರದೇಶದ ಪಂದ್ಯಾವಳಿ ಮುಗಿಸಿ ಬಂದು ನಾಲ್ಕು ದಿನವಾಗಿತ್ತು. ಅಡಿಗೆ ಉಕ್ಕಿನ ಅಲಗು ಕೂಡಿಸಿದ ಹದಿನೈದು ಜೊತೆ ಬೂಟುಗಳಲ್ಲಿ ಒಂದು ಜೊತೆಯೂ ಸಾಣೆ ಮಾವನ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಅಷ್ಟು ಆಟ ಆಡಿ ಬಂದ ಅಲಗು ಮೊಂಡಾಗದೆ ಇರಲು ಸಾಧ್ಯವೇ? ಎಲ್ಲೋ ಏನೋ ಹೊಗೆಯಾಡುತ್ತಿದೆ ಎಂದು ಅವನಿಗೆ ಮೊದಲ ದಿನವೇ ಅನ್ನಿಸಿತ್ತು.

ಮಾವನ ಕಸುಬು ಶುರುವಾದದ್ದು ಬೀದಿಯಲ್ಲಿ. ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಅಡುಗೆಮನೆಯ ಚಾಕು, ದರ್ಜಿಗಳ ಕತ್ತರಿ ಹರಿತ ಮಾಡಿಕೊಡುತ್ತಿದ್ದ. ಮಂಜುಗಡ್ಡೆಯ ಅಂಗಳ ಕಟ್ಟಿದಾಗ ಬೂಟಿನ ಅಲಗು ಮಸೆಯುವವರು ಯಾರೂ ಸಿಗದೆ ಅವನನ್ನೇ ಕರೆದರು. ಕತ್ತರಿಯಾದರೇನು, ಬೂಟಾದರೇನು, ಕಬ್ಬಿಣ ಕಬ್ಬಿಣವೇ ಎಂದುಕೊಂಡು ಬಂದವನು ಇಪ್ಪತ್ತೆರಡು ವರ್ಷ ಅಲ್ಲೇ ಬೇರೂರಿದ. ಅಲಗಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ. ತೋಡು ಆಳವಾದರೆ ಅಲಗು ಮಂಜನ್ನು ಕಚ್ಚಿ ಹಿಡಿಯುತ್ತದೆ, ಆಳ ಕಡಿಮೆಯಾದರೆ ಜಾರುತ್ತದೆ. ಮಾವ ದಪ್ಪಗಿರುವವಳಿಗೂ ಸಣ್ಣಗಿರುವವಳಿಗೂ ಕಡಿಮೆ ಆಳದ ಒಂದೇ ಅಳತೆ ಮಾಡುತ್ತಿದ್ದ. ಅಳತೆಗೋಲು ಅವನ ಹೆಬ್ಬೆರಳಿನ ಉಗುರು. ಒಂದು ವಿಷಯವನ್ನು ಮಾತ್ರ ಅವನು ಯಾರಿಗೂ ಹೇಳಿಕೊಂಡವನಲ್ಲ. ಜನ್ಮದಲ್ಲಿ ಒಮ್ಮೆಯೂ ಅವನು ಆ ಬೂಟು ಹಾಕಿಕೊಂಡು ಮಂಜಿನ ಮೇಲೆ ನಿಂತಿರಲಿಲ್ಲ.

ತಂಡದ ಗೋಲಿ, ಅಂದರೆ ಗೋಲು ಕಾಯುವವಳು, ಅವನ ಮಗಳ ಮಗಳು. ಚೆಂಡು ಬಿಡುವುದಿಲ್ಲವೆಂದು ಎಲ್ಲರೂ ಅವಳನ್ನು ಗೋಡೆ ಎನ್ನುತ್ತಿದ್ದರು. ಐಸ್ ಹಾಕಿಯಲ್ಲಿ ಚೆಂಡಲ್ಲ, ಬಿಲ್ಲೆ ಎಂದು ಅವಳು ನೂರು ಸಲ ತಿದ್ದಿದ್ದಳು, ಮಾವ ಚೆಂಡೆಂದೇ ಹೇಳುತ್ತಿದ್ದ. ಪರದೇಶದಿಂದ ಬಂದವಳು ಅಲ್ಲಿಯ ಬಸ್ಸು, ಹಾಸಿಗೆ, ಚಳಿ ಎಲ್ಲದರ ಕಥೆ ಹೇಳಿದಳು. ಆಟದ ಮಾತು ಬಂದರೆ ಬಾಯಿಗೆ ಬೀಗ.

"ಮೊದಲ್ನೇ ಎರಡು ಮ್ಯಾಚು ಹೇಗೆ ಸೋತ್ರಿ?" ಎಂದು ಊಟಕ್ಕೆ ಕೂತಾಗ ಕೇಳಿದ.

"ಸೋತ್ವಿ ತಾತ, ಅಷ್ಟೇ."

"ಆಮೇಲಿನ ಮೂರು ಹೇಗೆ ಗೆದ್ರಿ?"

ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ತಾತ, ಮಸೆಯೋ ಮುಂಚೆ ಆಡೋರನ್ನ ಕೇಳಿ ಮಸೆಯೋರೂ ಇರ್ತಾರಂತೆ" ಎಂದಳು.

"ಇರ್ತಾರೆ. ಕಸುಬು ಬರದೇ ಇರೋರು" ಎಂದ ಮಾವ.

ಮಾತು ಅಲ್ಲಿಗೇ ನಿಂತಿತು. ಗುಮಾನಿ ನಿಲ್ಲಲಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಅವನು ಕಾಲಿಟ್ಟರೆ ಗುಸುಗುಸು ತಟ್ಟನೆ ನಿಲ್ಲುತ್ತಿತ್ತು. ಕೋಚ್ ಮೇಡಂ ಎದುರು ಸಿಕ್ಕರೆ "ಚೆನ್ನಾಗಿದೀರಾ ಮಾವ?" ಎಂದು ಬೇಕಾದ್ದಕ್ಕಿಂತ ಜಾಸ್ತಿ ನಗುತ್ತಿದ್ದಳು. ನಾಯಕಿ, ಕೋಲಿನಷ್ಟೇ ತೆಳ್ಳಗಿನ ಹುಡುಗಿ, ಅವನನ್ನು ಕಂಡ ಕೂಡಲೇ ಚೀಲದ ಜಿಪ್ ಎಳೆಯುತ್ತಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ನಿಜ. ಆದರೆ ಈ ಹುಡುಗಿಯರು ಅರಿಶಿನವನ್ನೇ ಬಳಿದುಕೊಂಡು ಓಡಾಡಿದರೆ ಕಣ್ಣಿನದೇನು ತಪ್ಪು? ನನ್ನನ್ನು ಕಳಿಸುವ ಏರ್ಪಾಡು ನಡೆದಿದೆ ಎಂದು ಮಾವ ತೀರ್ಮಾನಿಸಿದ. ಆ ಕೋಣೆ ಹೋದರೆ ತಾನು ಯಾರಿಗೂ ಬೇಡದ ಮುದುಕ ಎಂಬ ಹೆದರಿಕೆ ಅವನಿಗೆ ನಿಜವಾಗಿಯೂ ಇತ್ತು.

ಐದನೆಯ ದಿನ ಪಕ್ಕದ ಊರಿನ ತಂಡದೊಂದಿಗೆ ಪಂದ್ಯ. ಬೆಳಿಗ್ಗೆ ಹುಡುಗಿಯರು ಬಟ್ಟೆ ಬದಲಿಸುವ ಕೋಣೆಯಲ್ಲಿ ಚೀಲಗಳನ್ನಿಟ್ಟು ಹೊರಗಿನ ಅಂಗಳದಲ್ಲಿ ಓಡಲು ಹೋಗಿದ್ದರು. ಮಾವ ಒಳಗೆ ಬಂದು ನಾಯಕಿಯ ಚೀಲ ತೆರೆದ. ಅಲಗಿನ ಮೇಲೆ ಉಗುರು ಎಳೆದ ತಕ್ಷಣ ಗೊತ್ತಾಯಿತು, ಇದು ಪರರ ಕೈ. ಎರಡನೆಯ ಜೊತೆಯೂ ಹಾಗೆಯೇ, ಅದರ ತೋಡು ಇನ್ನೂ ಆಳ. ಮೂರನೆಯದು ಮತ್ತೊಂದು ತರಹ. ಪ್ರತಿ ಬೂಟಿನ ದಾರದ ಕೆಳಗಿನ ನಾಲಿಗೆಯ ಒಳಗೆ ಶಾಯಿಯಲ್ಲಿ ಒಂದೊಂದು ಅಂಕಿ: ಆರು, ಏಳು, ಐದು. ಕೊನೆಗೆ ಗೋಡೆಯ ಬೂಟು. ಅದರಲ್ಲೂ ಅಂಕಿ ಇತ್ತು. ಸ್ವಂತ ಮೊಮ್ಮಗಳೂ ಕೂಡಿಕೊಂಡಳಲ್ಲ!

ಹಿತ್ತಲ ಗಿಡ ಮದ್ದಲ್ಲ ಅಲ್ಲವಾ, ನೋಡೇಬಿಡೋಣ ಎಂದುಕೊಂಡ. ಹದಿನೈದು ಜೊತೆಯನ್ನೂ ಕೋಣೆಗೆ ಹೊತ್ತು, ಚಕ್ರ ತಿರುಗಿಸಿ, ಪರರ ಕೈಯನ್ನೆಲ್ಲ ಅಳಿಸಿ ತನ್ನ ಅಳತೆಗೆ ತಂದ. ಒರೆಸಿ, ಇದ್ದ ಹಾಗೆಯೇ ಇಟ್ಟ. ತಾನು ಕೆಟ್ಟದ್ದು ಮಾಡುತ್ತಿದ್ದೇನೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಕಳುವಾದ ವಸ್ತುವನ್ನು ವಾಪಸ್ಸು ತಂದಂತೆಯೇ ಅನ್ನಿಸಿತು.

ಆಟ ಶುರುವಾಯಿತು. ಹುಡುಗಿಯರು ಪರದೇಶದಲ್ಲಿ ಹೊಸ ಓಟ ಕಲಿತು ಬಂದಿದ್ದರು. ವೇಗ ತಗ್ಗಿಸದೆ, ಮೈಯನ್ನು ನೆಲದ ಕಡೆಗೆ ವಾಲಿಸಿ ಗಕ್ಕನೆ ತಿರುಗುವುದು. ಅಲಗು ಕಚ್ಚಿ ಹಿಡಿಯುತ್ತದೆಂಬ ನಂಬಿಕೆಯಿಂದ ನಾಯಕಿ ವಾಲಿದಳು, ಅಲಗು ಹಿಡಿಯಲಿಲ್ಲ. ಅವಳು ಜಾರಿ ಹೋಗಿ ಅಂಗಳದ ಸುತ್ತಲಿನ ಹಲಗೆಗೆ ಭುಜ ಬಡಿದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಗೋಡೆ ಗೋಲಿನ ಒಂದು ಕಂಬದಿಂದ ಇನ್ನೊಂದಕ್ಕೆ ಕಾಲೊತ್ತಿ ಹಾರಹೋಗಿ ಮುಗ್ಗರಿಸಿದಳು, ಬಿಲ್ಲೆ ಅವಳನ್ನು ದಾಟಿಹೋಯಿತು. ಏಳು ಗೋಲು. ಮಾವ ಗಾಜಿನಾಚೆ ನಿಂತು ಒಂದೊಂದು ಬೀಳುವಿಕೆಯನ್ನೂ ನೋಡಿದ. ಮೂರನೆಯದರ ಹೊತ್ತಿಗೆ ಅವನಿಗೆ ತಾನು ಮಾಡಿದ್ದು ಏನೆಂದು ತಿಳಿದಿತ್ತು.

ಆಟ ಮುಗಿದ ಮೇಲೆ ಕೋಚ್ ಮೇಡಂ ನಾಯಕಿಯ ಬೂಟು ತಿರುಗಿಸಿ ನೋಡಿದಳು. "ನಿನ್ನೆವರೆಗೂ ಚೆನ್ನಾಗಿತ್ತಲ್ಲ. ಏನಾಯ್ತು ಅಲಗಿಗೆ?"

ನಾಯಕಿ ಬಾಗಿಲಲ್ಲಿ ನಿಂತ ಮಾವನನ್ನು ನೋಡಿದಳು. ಅವಳ ಭುಜಕ್ಕೆ ಐಸ್ ಕಟ್ಟಿದ್ದರು. "ಅಲಗಿಗೆ ಕವರ್ ಹಾಕ್ದೆ ಸಿಮೆಂಟ್ ಮೇಲೆ ಓಡಾಡಿಬಿಟ್ವಿ ಮೇಡಂ."

"ಹದಿನೈದು ಜನಾನೂ?"

"ಹೂಂ ಮೇಡಂ" ಎಂದರು ಎಲ್ಲರೂ. ಗೋಡೆಯೂ ಹೂಂ ಎಂದಳು.

ಮಾವ ಸುಮ್ಮನಿದ್ದಿದ್ದರೆ ಕೆಲಸ ಉಳಿಯುತ್ತಿತ್ತು.

"ಸಿಮೆಂಟಲ್ಲ ಕಣಮ್ಮ" ಎಂದ. "ನಾನು. ಬೆಳಿಗ್ಗೆ ಎಲ್ಲಾ ತಗೊಂಡು ನನ್ನ ಅಳತೆಗೆ ಮಸೆದುಬಿಟ್ಟೆ. ಬೇಕಂತಲೇ ಮಾಡ್ದೆ."

ಕೋಚ್ ಮೇಡಂ ಅವನನ್ನು ನೋಡಿದಳು, ಆಮೇಲೆ ಹುಡುಗಿಯರನ್ನು. "ಹಾಗಾದ್ರೆ ನೀವ್ಯಾಕ್ರೇ ಸುಳ್ಳು ಹೇಳಿದ್ದು?"

"ಪರದೇಶದಲ್ಲೂ ಸುಳ್ಳು ಹೇಳಿದ್ವಲ್ಲ ಮೇಡಂ" ಎಂದಳು ನಾಯಕಿ. "ಅಲ್ಲಿ ಮಂಜು ಕಲ್ಲಿನ ಹಾಗೆ ಗಟ್ಟಿ. ಎರಡು ಮ್ಯಾಚು ಬರೀ ಬಿದ್ವಿ. ಆಮೇಲೆ ಒಬ್ಬೊಬ್ರನ್ನೂ ಕೇಳಿ ಆಳದ ಅಂಕಿ ಬರ್ದು ಮಸೆದುಕೊಟ್ಟೋರು, ಮೊದ್ಲು ನಮ್ಮ ಅಲಗು ನೋಡಿ, ಇದನ್ನ ಮಾಡಿದ್ಯಾರು ಅಂತ ನಗೋಕೆ ಶುರು ಮಾಡಿದ್ರು. ನಾವೇ ಮಸ್ಕೊಂಡ್ವಿ ಅಂದ್ವಿ."

"ಯಾಕೆ?" ಎಂದ ಮಾವ.

ಗೋಡೆ ಬೂಟಿನ ದಾರ ಬಿಚ್ಚುತ್ತಿದ್ದಳು. "ಅವ್ರು ನಿನ್ನ ನೋಡಿ ನಗೋದು ನಮಗೆ ಇಷ್ಟ ಇರ್ಲಿಲ್ಲ ತಾತ. ಇಲ್ಲಿ ಬಂದ್ಮೇಲೆ ನಿಂಗೆ ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ನಾಳೆ ಮಾತಾಡೋಣ ಎಂದಷ್ಟೇ ಹೇಳಿ ಕೋಚ್ ಮೇಡಂ ಹೊರಟುಹೋದಳು. ನಾಳೆ ಏನು ಮಾತೋ, ಮಾವ ಕೇಳಲಿಲ್ಲ. ನಾಯಕಿಯ ಬೂಟುಗಳನ್ನು ಎತ್ತಿಕೊಂಡು ತನ್ನ ಕೋಣೆಗೆ ನಡೆದ. ಅವಳೂ ಹಿಂದೆಯೇ ಬಂದಳು. ಚಕ್ರದ ಮುಂದೆ ಕೂತು ಬೂಟಿನ ನಾಲಿಗೆ ಮಡಿಸಿ ನೋಡಿದ, ಹೆಬ್ಬೆರಳನ್ನು ಅಲಗಿನ ಮೇಲಿಟ್ಟು ಮತ್ತೆ ತೆಗೆದ.

"ಆರು ಅಂತ ಬರ್ದಿದೆ" ಎಂದ. "ಆರು ಅಂದ್ರೆ ಎಷ್ಟು ಆಳ ಮಗಳೇ? ನಂಗೆ ಬರಲ್ಲ, ತೋರಿಸಿಕೊಡು."