ಒಟಿಯೆನೊ ಅಮ್ಮನ ಒಣಮೀನು

ಈ ವರ್ಷ ನಮ್ಮ ಮನೆಗೆ ಒಣಮೀನು ಬರಲಿಲ್ಲ.

ನಗಬೇಡಿ. ಐರ್ಲೆಂಡಿನಲ್ಲಿ, ಡಬ್ಲಿನ್ ಪಕ್ಕದ ಕ್ಲಾಂಡಾಲ್ಕಿನ್‌ನಲ್ಲಿ ಕುಳಿತ ಕುಂದಾಪುರದವಳಿಗೆ ಇದು ಸಣ್ಣ ವಿಷಯವಲ್ಲ. ಪಕ್ಕದ ಮನೆಯ ಒಟಿಯೆನೊ ಕೆನ್ಯಾದವನು, ಲುವೊ ಸಮುದಾಯದವನು. ದೊಡ್ಡ ಸರೋವರದ ದಂಡೆಯಲ್ಲಿ ಅವನ ಊರು. ರಜೆ ಮುಗಿಸಿ ಬರುವಾಗಲೆಲ್ಲ ಅವನಮ್ಮ ಒಣಗಿಸಿದ ಪುಟ್ಟ ಮೀನಿನ ಪೊಟ್ಟಣವೊಂದು ನನಗೆ ಗ್ಯಾರಂಟಿ. ಕಾಯಿ, ಒಣಮೆಣಸು, ಹುಣಿಸೆ ಹಾಕಿ ಚಟ್ನಿ ಮಾಡಿದರೆ, ಅಯ್ಯೋ, ಎರಡು ತುತ್ತು ಅನ್ನ ಜಾಸ್ತಿಯೇ ಬೇಕು. (ಹುರಿಯುವಾಗ ಕಿಟಕಿ ಮುಚ್ಚಿದರೆ ಮಗಳು ಬೈಯುತ್ತಾಳೆ, ತೆರೆದರೆ ಇಡೀ ಬಡಾವಣೆ.)

ಈ ಸಲ ಬರಿಗೈಯಲ್ಲಿ ಬಂದ. ಯಾಕೋ ಎಂದು ಕೇಳಿದರೆ ಮುಖ ಸಣ್ಣದಾಯಿತು. ಟೀ ಕೊಟ್ಟು ಕೂರಿಸಿದ ಮೇಲೆ, ತಪ್ಪು ನನ್ನದೇ ಎಂದ.

ಅವರಲ್ಲಿ ಈಗ ಕೌಂಟಿ ಸರ್ಕಾರಗಳಿವೆ, ನಮ್ಮ ಜಿಲ್ಲೆಯಂಥ ಒಂದೊಂದು ಕೌಂಟಿಗೂ ಒಂದೊಂದು. (ಐರ್ಲೆಂಡಿನಲ್ಲಿ ಕೌಂಟಿ ಎಂದರೆ ಮ್ಯಾಚ್ ದಿನ ತೊಡುವ ತಂಡದ ಜರ್ಸಿ, ಅವರಿಗೆ ಅದು ಬಹುಕಾಲದ ಕನಸು.) ಮೊದಲು ಒಂದು ಮೋರಿ ಕಟ್ಟುವುದಕ್ಕೂ ನೈರೋಬಿಯ ಕಡೆ ನೋಡಬೇಕಿತ್ತು, ಲುವೊ ಜನ ಹಿಂದುಳಿದಿದ್ದೇ ಅದರಿಂದ ಎನ್ನುವುದು ಒಟಿಯೆನೊನ ಗಟ್ಟಿ ನಂಬಿಕೆ. ದಡದಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟುತ್ತೇವೆ ಎಂದು ಕೌಂಟಿಯವರು ಹೇಳಿದ್ದೇ ತಡ, ಇವನು ಡಬ್ಲಿನ್‌ನಿಂದ ಫೋನ್ ಮಾಡಿದ್ದಾನೆ. ಅಮ್ಮಾ, ಇನ್ನು ಬಿಸಿಲಲ್ಲಿ ಬೇಯಬೇಡ, ನಮ್ಮದೇ ಸರ್ಕಾರ ಬಂದಿದೆ ಎಂದಿದ್ದಾನೆ. ಮೀನು ಹರಡಲು ಗೂಟ ನೆಟ್ಟು ಬಲೆ ಹಾಸಿದ್ದ ಅಟ್ಟಗಳನ್ನು ಅಮ್ಮ ಕಿತ್ತು ಒಲೆಗೆ ಹಾಕಿದರು. ಮಗ ಹೇಳಿದನಲ್ಲ!

ಕಟ್ಟಡ ಬಂತು. ಬಣ್ಣ ಬಂತು. ಬೋರ್ಡೂ ಬಂತು. ಕರೆಂಟ್ ಬರಲಿಲ್ಲ. ಹಿಡಿದ ಮೀನು ಕೊಳೆಯುವ ಮೊದಲು ಸಿಕ್ಕಿದ ಬೆಲೆಗೆ ಮಾರಿಹೋಯಿತು. ಮದುವೆಯಾದಾಗಿನಿಂದ ಒಂದು ದಿನ ಸುಮ್ಮನೆ ಕೂರದ ಹೆಂಗಸು ಇಡೀ ಸೀಸನ್ ಕೈಕಟ್ಟಿ ಕೂತರು. ಒಟಿಯೆನೊನನ್ನು ಕೊರೆಯುತ್ತಿದ್ದುದು ಅದೇ.

ನಾನೇನು ಕಡಿಮೆಯೇ? ಕರಾವಳಿಗೆ ಪ್ರತ್ಯೇಕ ರಾಜ್ಯ ಬೇಕೆಂದು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಗಲಾಟೆ. ಡಬ್ಲಿನ್ನಿನ ಇನ್ನೊಂದು ಮೂಲೆಯ ಬ್ಲಾಂಚರ್ಡ್ಸ್‌ಟೌನ್‌ನ ಸೋಫಾದಿಂದ ನಮ್ಮ ಭಾವನದೇ ನಾಯಕತ್ವ. ನಾನೂ ಥಂಬ್ಸ್ ಅಪ್ ಒತ್ತಿದವಳೇ. ಮನೆ ಮುಂದಿನ ಚರಂಡಿ ಕಟ್ಟಿಕೊಂಡಿದೆ ಎಂದು ಕೌನ್ಸಿಲ್‌ಗೆ ಮೂರು ಈಮೇಲ್ ಬರೆದಿದ್ದೇನೆ. ಅದರ ಮೇಲಿನ ಎಲೆ ಮಾತ್ರ ಗುಡಿಸಿಲ್ಲ.

ಕಳೆದ ಭಾನುವಾರ ಒಟಿಯೆನೊ ಫೋನ್ ಹಿಡಿದುಕೊಂಡೇ ಬಂದ. ವಿಡಿಯೋದಲ್ಲಿ ಅಮ್ಮ, ಹಿಂದೆ ಅದೇ ಕೋಲ್ಡ್ ಸ್ಟೋರೇಜ್. ಅದರ ಸಿಮೆಂಟ್ ಅಂಗಳದ ತುಂಬ ಬಲೆ, ಬಲೆಯ ತುಂಬ ಮೀನು! ಊರಿನ ಹೆಂಗಸರೆಲ್ಲ ಸೇರಿ ಹರಡಿದ್ದರು. ಮರಳು ಅಂಟುವುದಿಲ್ಲ, ಮೊದಲಿಗಿಂತ ಚೆನ್ನಾಗಿ ಒಣಗುತ್ತದಂತೆ. ಕೌಂಟಿಯವರು ಬೈದರೆ ಏನು ಮಾಡುತ್ತೀಯಮ್ಮ ಎಂದು ಇವನಿಗೆ ಗಾಬರಿ. ಅಮ್ಮ ತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರವನ್ನು ಅವನೇ ನನಗೆ ಬಿಡಿಸಿ ಹೇಳಿದ:

"ನಮ್ದೇ ಸರ್ಕಾರ ಅಂದ್ಯಲ್ಲ, ಹಾಗಾದ್ರೆ ಅಂಗಳಾನೂ ನಮ್ದೇ. ಕರೆಂಟಿಗೆ ಅರ್ಜಿ ಕೊಟ್ಟಿದೀವಿ, ದಿನಾ ಹೋಗಿ ಕೇಳ್ತೀವಿ. ಅಲ್ಲೀವರೆಗೂ ಮೀನು ಕಾಯಲ್ಲ, ಮಗ."

ಒಟಿಯೆನೊ ಐರಿಶರ ಹಾಗೆ "ಗ್ರ್ಯಾಂಡ್" ಎಂದ. ಕಣ್ಣು ಒದ್ದೆಯಾಗಿತ್ತು. ನಾನು ಇನ್ನೊಮ್ಮೆ ಟೀಗೆ ನೀರಿಟ್ಟೆ.

ಸಂಜೆ ಗ್ಲವ್ಸ್ ಹಾಕಿಕೊಂಡು ಚರಂಡಿಯ ಎಲೆ ತೆಗೆದೆ. (ನೀರು ಪೂರ್ತಿ ಇಳಿಯುತ್ತಿಲ್ಲ; ಒಳಗಿನ ಪೈಪು ಕೌನ್ಸಿಲ್‌ನದೇ. ನಾಲ್ಕನೇ ಈಮೇಲ್ ಹೋಗಿದೆ.) ಆಮೇಲೆ ಕೈ ತೊಳೆದು, ಗ್ರೂಪಿನಲ್ಲಿ ಒಂದೇ ಸಾಲು ಬರೆದೆ:

ಭಾವ, ರಾಜ್ಯ ಬೇಕೇ ಬೇಕು, ಒಪ್ಪಿದೆ. ಸಿಕ್ಕಿದ ಮರುದಿನ ಬೆಳಿಗ್ಗೆ ಮೀನು ಹರಡೋಕೆ ಯಾರು ಬರ್ತೀರಿ?