ಕೊಂಬಿನ ಬಣ್ಣ

ತಿಕೋಟಾದ ಬಸಗೊಂಡಪ್ಪನಿಗೆ ತನ್ನ ಕೆಂಪು ಕಾರಿನ ಮೇಲಿದ್ದ ಮಮತೆ ಊರಿಗೆಲ್ಲ ಗೊತ್ತಿತ್ತು. ಒಣದ್ರಾಕ್ಷಿ ವ್ಯಾಪಾರ ಕೈ ಹಿಡಿದ ವರ್ಷ ತಂದ ಗಾಡಿ ಅದು. ಶೆಡ್ಡಿನಲ್ಲಿ ದ್ರಾಕ್ಷಿಗೆ ಗಂಧಕದ ಹೊಗೆ ಹಾಕುವ ದಿನಗಳಲ್ಲಿ ಬಣ್ಣ ಕೆಟ್ಟೀತೆಂದು ಅದನ್ನು ಎಲ್ಲೋ ದೂರದ ಬೇವಿನ ಮರದ ಕೆಳಗೆ ನಿಲ್ಲಿಸಿ, ತಾನು ಮಾತ್ರ ಬಿಸಿಲಲ್ಲಿ ಬೆವರು ಸುರಿಸುತ್ತ ನಡೆದು ಬರುತ್ತಿದ್ದ. ಹೆಂಡತಿ ಲಕ್ಕವ್ವನಿಗೆ ಅವನು ಒಂದು ದಿನವೂ ಕೊಡೆ ಹಿಡಿದವನಲ್ಲ, ಕಾರಿಗೆ ಮಾತ್ರ ಎರಡೆರಡು ಹೊದಿಕೆ ಹೊಲಿಸಿದ್ದ. ಸ್ಟೇರಿಂಗನ್ನು ಬೇರೆಯವರ ಕೈಗೆ ಕೊಡುವ ಮಾತಂತೂ ದೂರವೇ ಉಳಿಯಿತು. ಬಬಲೇಶ್ವರಕ್ಕೆ ಕೊಟ್ಟ ಮಗಳು ಶಾಂಭವಿ ಗಾಡಿ ಹೊಡೆಯುವುದರಲ್ಲಿ ಪಳಗಿದ್ದರೂ ಅಪ್ಪನ ಕಾರಿನಲ್ಲಿ ಆಕೆಯದು ಪಕ್ಕದ ಸೀಟೇ.

ಇಂಥವನಿಗೆ ಈಚೆಗೆ ಎಡಗಡೆಯ ನೋಟ ಕೈಕೊಡತೊಡಗಿತ್ತು. ಎಡಕ್ಕೆ ಏನಿದೆಯೆಂಬುದು ತಲೆ ತಿರುಗಿಸಿ ನೋಡಿದರಷ್ಟೇ ತಿಳಿಯುತ್ತಿತ್ತು. ಮೊದಮೊದಲು ಅವನು ಅದನ್ನು ಧೂಳು ಅಂದುಕೊಂಡ, ಆಮೇಲೆ ವಯಸ್ಸು ಅಂದುಕೊಂಡ, ಕೊನೆಗೆ ಏನೂ ಅಂದುಕೊಳ್ಳದೆ ಸುಮ್ಮನಾದ. ಬಾಯಿಬಿಟ್ಟರೆ ಮನೆಯವರು ಕಾರಿನ ಕೀಲಿ ಕಸಿದುಕೊಳ್ಳುತ್ತಾರೆಂಬ ಭಯ ಅವನಿಗೆ ಕಣ್ಣಿನ ಭಯಕ್ಕಿಂತ ದೊಡ್ಡದಾಗಿತ್ತು.

ಹೀಗಿರುವಾಗ ಕಾರಹುಣ್ಣಿವೆ ಮುಗಿದ ಹೊಸತರಲ್ಲಿ, ಶೆಡ್ಡಿನೊಳಗೆ ತಿರುಗಿಸುವಾಗ ಕಬ್ಬಿಣದ ಗೇಟು ಕಾರಿನ ಎಡಬಾಗಿಲನ್ನು ಉದ್ದಕ್ಕೂ ಗೀರಿತು. ಬಸಗೊಂಡಪ್ಪ ಇಳಿದು ಸುತ್ತಮುತ್ತ ನೋಡಿದ. ಯಾರೂ ಕಾಣಲಿಲ್ಲ. ಮನೆಗೆ ಬಂದವನೇ ದನದ ಕೊಟ್ಟಿಗೆಗೆ ಹೋದ. ಹಬ್ಬದಲ್ಲಿ ಎತ್ತಿನ ಕೊಂಬಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣದ ಡಬ್ಬಿ ಗೂಡಿನಲ್ಲಿತ್ತು. ಕಾರು ಕೆಂಪು, ಬಣ್ಣವೂ ಕೆಂಪು, ಇನ್ನೇನು ಬೇಕು? ಕೊಟ್ಟಿಗೆಯ ನೆರಳಲ್ಲಿ ನಿಂತು ಗೀರಿನ ಮೇಲೆ ಒಂದಕ್ಕೆರಡು ಸಲ ಬಳಿದ. ಬಳಿದದ್ದು ಗೊತ್ತೇ ಆಗುವುದಿಲ್ಲ ಅನ್ನಿಸಿ ಖುಷಿಯೂ ಪಟ್ಟ.

ಮರುದಿನ ಬಿಸಿಲಿಗೆ ಬಂದಾಗ ಬಣ್ಣದ ಬಣ್ಣ ಬಯಲಾಯಿತು. ಕಾರಿನದು ಕಡುಗೆಂಪು, ಕೊಂಬಿನದು ಬೆಂಕಿಗೆಂಪು. ಬ್ರಷ್ಷಿನ ಗೆರೆಗಳು ಎದ್ದು ನಿಂತಿದ್ದವು, ಕೆಳಗೆ ಇಳಿದ ಹನಿಗಳು ಅಲ್ಲಲ್ಲೇ ಒಣಗಿ ಕೂತಿದ್ದವು. ಗೀರು ಹತ್ತಿರ ಬಂದವರಿಗಷ್ಟೇ ಕಾಣುತ್ತಿತ್ತು, ಇದು ರಸ್ತೆಯಾಚೆಯವರಿಗೂ ಕಂಡಿತು. ಚಹಾದಂಗಡಿಯಲ್ಲಿ ಕೇಳದವರಿಲ್ಲ.

"ಬಸಗೊಂಡಪ್ಪಣ್ಣ, ಎತ್ತಿನ ಜೋಡಿ ಕಾರೂ ಕರಿ ಹರಿಯಾಕ ಬಿಟ್ಟಿದ್ದೇನು?" ಎಂದು ಒಬ್ಬ ಹಬ್ಬದ ಎತ್ತಿನ ಓಟ ನೆನೆಸಿ ಕಿಚಾಯಿಸಿದ. ಎಲ್ಲರೂ ನಕ್ಕರು. ಬಸಗೊಂಡಪ್ಪನಿಗೆ ಮೈ ಉರಿದುಹೋಯಿತು.

"ಕರೆಪ್ಪನ ಟ್ರೇಲರ್ ತಾಗೈತಿ," ಅಂದುಬಿಟ್ಟ.

ಕರೆಪ್ಪ ಅವನ ಬಾಲ್ಯದ ಗೆಳೆಯ. ಟ್ರ್ಯಾಕ್ಟರ್ ಇಟ್ಟುಕೊಂಡು ಊರವರ ಮಾಲು ಸಾಗಿಸುತ್ತಿದ್ದ. ಆ ದಿನ ಅವನ ಟ್ರ್ಯಾಕ್ಟರ್ ಶೆಡ್ಡಿಗೆ ಬಂದದ್ದೂ ನಿಜವಾದ್ದರಿಂದ ಸುಳ್ಳು ಒಳ್ಳೆ ಹದವಾಗಿ ಕೂತಿತು. ಮಾತು ಸಂಜೆಯೊಳಗೆ ಕರೆಪ್ಪನ ಕಿವಿ ಮುಟ್ಟಿತು. ಬೆಳಗಾದರೆ ಅವನು ಜಗಳಕ್ಕೆ ಬರುತ್ತಾನೆಂದು ಬಸಗೊಂಡಪ್ಪ ಉತ್ತರ ಜೋಡಿಸಿಕೊಂಡು ಕೂತಿದ್ದ. ಕರೆಪ್ಪ ಬಂದವನು ತೊಳೆದ ಧೋತರ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಬಂದಿದ್ದ.

"ನನ್ನ ಗಾಡಿ ತಾಗಿದ್ರ ನಾನ ಮಾಡಿಸಿ ಕೊಡಬೇಕಲ್ಲಪಾ. ಇಬ್ರಾಹಿಂಪುರದಾಗ ಬುಡ್ಡೇಸಾಬ ಅಂತ ಅದಾನ, ಛಲೋ ಪೇಂಟ್ ಮಾಡ್ತಾನ. ನಡಿ."

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಲ್ಲೆ ಅನ್ನಲು ಬಸಗೊಂಡಪ್ಪನಿಗೆ ದಾರಿಯಿರಲಿಲ್ಲ. ಐತವಾರ ಬಬಲೇಶ್ವರಕ್ಕೆ ಹೋಗಿ ಶಾಂಭವಿಯನ್ನೂ ಮೊಮ್ಮಗಳನ್ನೂ ಕರೆತರಬೇಕು. ಈ ಬಾಗಿಲು ಕಂಡರೆ ಮಗಳು ಬಿಡಿಸಿ ಬಿಡಿಸಿ ಕೇಳುವವಳೇ. ಗೆಳೆಯನನ್ನು ಎಡಗಡೆ ಕೂರಿಸಿಕೊಂಡು, ಇಟ್ಟಂಗಿಹಾಳ ದಾಟಿ ವಿಜಯಪುರದ ಇಬ್ರಾಹಿಂಪುರ ಸೇರಿದ.

ಬುಡ್ಡೇಸಾಬನ ತಗಡಿನ ಶೆಡ್ಡು ರೈಲು ಹಳಿಯ ಹತ್ತಿರ. ಅವನು ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ಉಗುರಿನಿಂದ ಬಣ್ಣ ಕೆರೆದ. ಮೂಗಿನ ಹತ್ತಿರ ಒಯ್ದು ಮೂಸಿದ.

"ಯಜಮಾನ್ರ, ಇದು ಕೊಂಬಿನ ಬಣ್ಣ ಅಲ್ರಿ?"

"ಹೂಂ. ನೀ ಮ್ಯಾಲೆ ಒಂದ ಕೈ ಹೊಡೆದುಬಿಡು, ಸಾಕು," ಅಂದ ಬಸಗೊಂಡಪ್ಪ.

"ಹಂಗ ಬರಂಗಿಲ್ರಿ. ಇದು ಎಣ್ಣಿ ಬಣ್ಣ. ನಮ್ಮದರಾಗ ಥಿನ್ನರ್ ಇರ್ತೈತಿ. ಇದರ ಮ್ಯಾಲೆ ಹೊಡೆದ್ರ ಬುಡದ್ದು ಸುಕ್ಕಗಟ್ಟಿ ಎದ್ದು ಬರ್ತೈತಿ. ಮೊದಲ ಇದನ್ನ ಪೂರಾ ತಗೀಬೇಕು."

ಪೂರಾ ತೆಗೆದರೆ ಕೆಳಗೆ ಏನಿದೆ ಅನ್ನುವುದು ಬಸಗೊಂಡಪ್ಪನಿಗೆ ಈಗ ನೆನಪಾಯಿತು. ಬಳಿಯುವ ಅವಸರದಲ್ಲಿ ಗೀರನ್ನು ಒರೆಸಿಯೂ ಇರಲಿಲ್ಲ. ಬೇಡ, ಇನ್ನೊಮ್ಮೆ ಬರುತ್ತೇನೆ ಅನ್ನುವಷ್ಟರಲ್ಲಿ ಬುಡ್ಡೇಸಾಬ ಬಟ್ಟೆಗೆ ಥಿನ್ನರ್ ಹಾಕಿಕೊಂಡು ತಿಕ್ಕತೊಡಗಿದ್ದ. ಇನ್ನೂ ಪೂರ್ತಿ ಗಟ್ಟಿಯಾಗದ ಕೊಂಬಿನ ಬಣ್ಣ ಮೆತ್ತಗಾಗಿ ಬಟ್ಟೆಗೆ ಬಂತು. ಮೊದಲು ಗೀರು ಕಂಡಿತು, ಆಮೇಲೆ ಗೀರಿನೊಳಗೆ ಉದ್ದಕ್ಕೂ ಮೆತ್ತಿಕೊಂಡಿದ್ದ ಹಸಿರು ಕಂಡಿತು.

ದ್ರಾಕ್ಷಿ ಶೆಡ್ಡಿನ ಗೇಟಿಗೆ ಆ ಹಸಿರು ಬಣ್ಣ ಹೊಡೆಸಿದವನು ಸ್ವತಃ ಬಸಗೊಂಡಪ್ಪ. ಕರೆಪ್ಪನ ಟ್ರೇಲರ್ ನೀಲಿ.

"ಇದು ಯಾವ ಗಾಡಿ ಬಣ್ಣರಿ, ಹಸರ ಐತಿ?" ಎಂದು ಬುಡ್ಡೇಸಾಬ ಕೇಳಿದ.

ಕರೆಪ್ಪ ಬಗ್ಗಿ ಗೀರನ್ನು ನೋಡಿದ, ನೆಟ್ಟಗೆ ನಿಂತ, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ.

"ನಮ್ಮ ಟ್ರೇಲರಿಂದು," ಅಂದ. "ಅದರ ಬಣ್ಣ ಹಸರ."

ಬಸಗೊಂಡಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ನಾಚಿಕೆ ಅವನಿಗೆ ಆಯುಷ್ಯದಲ್ಲೇ ಆಗಿರಲಿಲ್ಲ. ಗೆಳೆಯನ ತೋಳು ಹಿಡಿದು ಅವನನ್ನು ಶೆಡ್ಡಿನ ಹೊರಗೆ ಎಳೆದು ತಂದ.

"ಸುಳ್ಳ ಹೇಳಬ್ಯಾಡೋ ಕರೆಪ್ಪ. ನನ್ನ ಗೇಟಿಗಿ ನಾನ ತಾಗಿಸೇನಿ."

"ಗೊತ್ತೈತಿ. ಶೆಡ್ಡಿನ ಹಿಂದ ಬಾಕ್ಸ್ ಹೇರಾಕತ್ತಿದ್ದೆ, ಸಪ್ಪಳ ಕೇಳಿ ಇಣುಕಿ ನೋಡಿದೆ. ಗೇಟ ಎಲ್ಲಿಂದ ಬಂತು ಅನ್ನೋ ಹಂಗ ನಿಂತಿದ್ದಿ ನೀ."

"ಗೊತ್ತಿದ್ದೂ ಯಾಕ ಸುಮ್ಮನಿದ್ದಿ? ಚಾದಂಗಡಿಯಾಗ ನನ್ನ ಮಾನ ಕಳೀಬೇಕಾಗಿತ್ತು!"

"ನಿನ್ನ ಮಾನ ತಗೊಂಡು ನಾ ಏನ ಮಾಡ್ಲಿ?" ಕರೆಪ್ಪನ ದನಿಗೆ ಈಗ ಸಿಟ್ಟು ಬಂದಿತ್ತು. "ಐತವಾರ ನೀ ಬಬಲೇಶ್ವರಕ್ಕ ಹೊಂಟೀದಿ. ಆ ಕೂಸು ಎಲ್ಲಿ ಕುಂದರ್ತೈತಿ ಹೇಳು. ಅವರವ್ವನ ತೊಡಿ ಮ್ಯಾಲೆ, ಇದ ಬಾಗಲದ ಕಡೆ. ಗೇಟ ಕಾಣದಾವಗ ಲಾರಿ ಕಾಣ್ತೈತೇನು? ನಿನಗ ಇದನ್ನ ಹೇಳಬೇಕಂತನ ಬಂದೇನಿ. ಊರಾಗ ಹೇಳಿದ್ರ ನೀ ನನ್ನ ಮಾತ ಕೇಳ್ತಿದ್ದಿಲ್ಲ."

ಒಳಗೆ ಬುಡ್ಡೇಸಾಬ ನೀರು ಹಾಕಿ ಪಾಲಿಶ್ ಕಾಗದದಿಂದ ಬಾಗಿಲು ತಿಕ್ಕುತ್ತಿದ್ದ. ಗೀರಿಗೆ ಲಪ್ಪದ ಮೆತ್ತು ತುಂಬಿ, ಅಸ್ತರದ ಬಣ್ಣ ಹೊಡೆದು, ಅದರ ಮೇಲೆ ಇದೇ ಕಾರಿನ ಕೆಂಪು ಬೆರೆಸಿ ಹೊಡೆಯಬೇಕು, ಒಣಗಲು ಬಿಡಬೇಕು, ಶನಿವಾರಕ್ಕೆ ಕೊಡುತ್ತೇನೆ ಎಂದು ಅಲ್ಲಿಂದಲೇ ಕೂಗಿ ಹೇಳಿದ. ಬಸಗೊಂಡಪ್ಪ ಒಳಗೆ ಹೋಗಿ ಕಾರಿನ ಕೀಲಿ ಅವನ ಒದ್ದೆ ಕೈಗೆ ಕೊಟ್ಟ. ಹೊರಗೆ ಬಂದು ಮೊಬೈಲು ತೆಗೆದು ಬಬಲೇಶ್ವರಕ್ಕೆ ಫೋನು ಹಚ್ಚಿದ.

"ಶಾಂಭವಿ, ಐತವಾರ ನಾ ಬರಂಗಿಲ್ಲವ್ವ. ಗಾಡಿ ಇಬ್ರಾಹಿಂಪುರದಾಗ ಐತಿ. ನೀನ ಬಂದು ಹೊಡಕೊಂಡ ಬಾ. ಇನ್ನ ಮ್ಯಾಲೆ ನೀನ ಹೊಡಿ."

ಆ ಕಡೆ ಎಲ್ಲೋ ಮೊಮ್ಮಗಳು ಆಡುವ ಸದ್ದು ಕೇಳುತ್ತಿತ್ತು.

"ಯಪ್ಪಾ," ಅಂದಳು ಶಾಂಭವಿ. "ಖರೇ ಹೇಳು. ನಿನಗ ಏನಾಗೇತಿ?"

"ಎಡಗಣ್ಣ ಕಾಣವಲ್ದವ್ವ," ಅಂದ ಬಸಗೊಂಡಪ್ಪ.