ಹಾಜರಾಬಿಯ ಸಿಟ್ಟು

ಸವಣೂರಿನ ಬಳೆಗಾರ್ತಿ ಹಾಜರಾಬಿಗೆ ಸಿಟ್ಟು ಬರುತ್ತದೆ ಎಂದು ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಓಣಿಯೇ ನಗುತ್ತಿತ್ತು. ಹೆಂಗಸರ ಕೈ ಹಿಡಿದು ಕೂರುವ ಕಸುಬು ಅವಳದು. ಗೆಣ್ಣು ಒತ್ತಿ, ಮಾತಿನಲ್ಲಿ ಮೈಮರೆಸಿ, ನೋವು ಗೊತ್ತಾಗುವ ಮೊದಲೇ ಬಳೆ ಏರಿಸಿರುತ್ತಿದ್ದಳು. ತೊಡಿಸುವಾಗ ಒಡೆದ ಬಳೆ ಬಳೆಗಾರ್ತಿಯ ಲುಕ್ಸಾನು ಎಂಬುದು ಈ ಕಡೆಯ ರೂಢಿ. ಅವಳಿಗೆ ಅಂಥ ಲುಕ್ಸಾನು ಅಪರೂಪ.

ಆಮೇಲೆ ಏನಾಯಿತೋ, ಬಳೆಗಳು ಪಟಪಟನೆ ಒಡೆಯತೊಡಗಿದವು. "ಈ ಸಲದ ಗಾಜ ಖರಾಬ ಐತಿ" ಎಂದು ಸಗಟು ವ್ಯಾಪಾರಿ ನಬೀಸಾಬನ ಅಂಗಡಿ ಮುಂದೆಯೇ ಜಗಳ ತೆಗೆದಳು. ಪಾಪ, ಅವನು ಮಾಲು ಬದಲಿಸಿಕೊಟ್ಟ. ಅವೂ ಒಡೆದವು. ಮೈ ಇಳಿಯಿತು, ನಿದ್ದೆ ಹಾರಿತು. "ಮುಟ್ಟು ನಿಲ್ಲೋ ವಯಸ್ಸು, ಉಷ್ಣ ಏರೇತಿ" ಎಂದು ಓಣಿಯವರು ಮಜ್ಜಿಗೆ ಕುಡಿಸಿದರು. ನಮ್ಮವರಿಗೆ ಎಲ್ಲ ರೋಗಕ್ಕೂ ಮಜ್ಜಿಗೆಯೇ!

ಒಂದು ದಿನ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಸೊಸೆ ಶಬನಮಳತ್ತ ಊಟದ ತಾಟು ಬೀಸಿ ಒಗೆದಳು. ತಾಟು ಗೋಡೆಗೆ ಬಡಿಯಿತು, ಸೊಸೆಯ ತೊಡೆ ಮೇಲಿದ್ದ ಕೂಸು ಚೀರಿತು. ಶಬನಮ ಕೂಸನ್ನೆತ್ತಿಕೊಂಡು ಹಾನಗಲ್ಲಿನ ತವರಿಗೆ ಹೋದಳು. ಮಗ ಮುಜಮ್ಮಿಲ ತಾಯಿಯ ಜೊತೆ ಮಾತು ಬಿಟ್ಟ. ಮನೆ ಬಿಕೋ ಎಂದಿತು. ತಾನೇಕೆ ಹೀಗಾದೆ ಎಂಬುದು ಹಾಜರಾಬಿಗೇ ತಿಳಿಯದು. ಅವಳಿಗೆ ಅವಳದೇ ಹೆದರಿಕೆ.

ಗುಟ್ಟು ಬಯಲಾದದ್ದು ದುಂಡಸಿಯ ಒಂದು ಕುಬಸದ ಮನೆಯಲ್ಲಿ. ಬಸುರಿಗೆ ಹಸಿರು ಬಳೆ ತೊಡಿಸಿ ಮುಗಿದ ಮೇಲೆ ಅಲ್ಲಿಗೆ ಬಂದಿದ್ದ ಊರಿನ ನರ್ಸ್ ಶೀಲಾ ತಾನೂ ಕೈ ನೀಡಿದಳು. ಬಳೆಗಾರ್ತಿ ಎಲ್ಲರ ಕೈ ನೋಡುತ್ತಾಳೆ. ಅವಳ ಕೈ ನೋಡುವವರು ಯಾರು? ಶೀಲಾ ನೋಡಿದಳು.

"ಅಕ್ಕಾ, ಕೈ ಹಿಂಗ್ಯಾಕ ನಡಗಾಕತ್ತಾವ? ಬೆವರು ಬ್ಯಾರೆ. ಎದಿ ಢವಢವ ಅಂತೈತೇನ?"

"ಹೌದ್ರಿ ಸಿಸ್ಟರ್. ಸಿಟ್ಟೂ ಭಾಳ ಬರತೈತ್ರಿ" ಎಂದವಳು ಬಳೆಗಳ ಮುಂದೆಯೇ ಅತ್ತುಬಿಟ್ಟಳು.

ಶೀಲಾ ತಾನೇ ಅವಳನ್ನು ಶಿಗ್ಗಾಂವಿಯ ಆಸ್ಪತ್ರೆಗೆ ಕರೆದೊಯ್ದಳು. ರಕ್ತಪರೀಕ್ಷೆ ಮಾಡಿಸಿದ ಡಾಕ್ಟರು ಹೇಳಿದರು: "ಗಂಟಲದಾಗ ಥೈರಾಯ್ಡ್ ಅಂತ ಗ್ರಂಥಿ ಐತಿ. ಅದು ರಸ ಹೆಚ್ಚು ಬಿಡಾಕತ್ತೈತಿ. ಒಲಿಗೆ ಕಟ್ಟಿಗಿ ತುರುಕಿದಂಗ. ಎದಿ ಓಡತೈತಿ, ಕೈ ನಡಗತಾವ, ಮಿದುಳಿಗೆ ಸಣ್ಣ ಮಾತೂ ಜಗಳದಂಗ ಕೇಳತೈತಿ. ಗುಳಿಗಿ ತಪ್ಪಸಬ್ಯಾಡ್ರಿ, ಹತೋಟಿಗೆ ಬರತೈತಿ."

ತಿಂಗಳುಗಳು ಹಿಡಿದರೂ ಹತೋಟಿಗೆ ಬಂತು. ಕೈನಡುಕ ನಿಂತಿತು, ನಿದ್ದೆ ಹತ್ತಿತು, ನಬೀಸಾಬನ ಗಾಜಿನ ಮೇಲಿನ ಅಪವಾದವೂ ತೊಲಗಿತು. ಆದರೆ ಅತ್ತೆ ಗುಳಿಗೆ ನುಂಗಿದರೆ ಸೊಸೆ ಬರುತ್ತಾಳೆಯೇ? ಹಾಜರಾಬಿ ಹಾನಗಲ್ಲಿನ ಬಸ್ಸು ಹತ್ತಿದಳು.

ಬೀಗರ ಪಡಸಾಲೆಯಲ್ಲಿ ಕುಳಿತು ಗ್ರಂಥಿಯ ಕಥೆಯನ್ನೆಲ್ಲ ಒಪ್ಪಿಸಿದಳು. ಬಾಗಿಲಿಗೆ ಒರಗಿ ನಿಂತಿದ್ದ ಶಬನಮ ಕೇಳಿದಳು: "ಅಮ್ಮಾ, ತಾಟು ಒಗದದ್ದೂ ಗ್ರಂಥೀನ ಏನ್ರಿ?"

ಹಾಜರಾಬಿ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ.

"ಸಿಟ್ಟು ಅದರದ್ದವ್ವಾ. ಒಗದ ಕೈ ನಂದ. ನಿಂದು ಎಳ್ಳಷ್ಟೂ ತಪ್ಪಿರಲಿಲ್ಲ."

ಶಬನಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಇಷ್ಟು ದಿನಾ ನಂದ ಏನ ತಪ್ಪಾತು ಅಂತ ಹುಡುಕಾಕತ್ತಿದ್ನಿರಿ" ಎಂದಳು. ಹಾಜರಾಬಿ ತನ್ನನ್ನೇ ಬೈದುಕೊಂಡಳು. ಈ ಒಂದು ಮಾತು ಮೊದಲೇ ಹೇಳಬಾರದಿತ್ತೇ!

ಶಬನಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ಮಲಗಿದ್ದ ಕೂಸನ್ನು ತಂದು ಅತ್ತೆಯ ತೊಡೆ ಮೇಲೆ ಹಾಕಿದಳು.

"ಹಿಡ್ಕೋರಿ. ಚೀಲಕ್ಕ ಬಟ್ಟಿ-ಅರಬಿ ತುಂಬಿಕೊಂಡ ಬರ್ತೇನಿ."